ಮಗಳು ದೇರಾ ತೋರಿಸಿದ ಸಂಜೆ

ಆ ಶನಿವಾರ ಅಬುಧಾಬಿಯಲ್ಲಿ ದುಬೈ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಮಗಳಿಗೆಂದು ಕಟ್ಟಿಕೊಂಡ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಇದ್ದವು. ಅದಕ್ಕಿಂತ ಭಾರವಾಗಿದ್ದದ್ದು ಗಂಡ ಹೇಳಿ ಕಳಿಸಿದ ಮಾತು. ಅವರ ಪರಿಚಯದವರೊಬ್ಬರ ಕಂಪನಿಯಲ್ಲಿ ಆರ್ಕಿಟೆಕ್ಟ್ ಕೆಲಸವೊಂದು ಖಾಲಿಯಿತ್ತು. ಸೋಮವಾರ ಬೆಳಿಗ್ಗೆ ಮಗಳು ಹೋಗಿ ಭೇಟಿಯಾದರೆ ಸಾಕು, ಕೆಲಸ ಆದಂತೆಯೇ. "ನಾ ಹೇಳಿದ್ರ ಜಗಳ ಆಗ್ತದ. ನೀ ಸಮಾಧಾನದಿಂದ ಹೇಳು," ಎಂದಿದ್ದರು.

ಮಗಳು ಹುಟ್ಟಿದ್ದು ಅಬುಧಾಬಿಯಲ್ಲೇ. ನಾವು ಗದಗದಿಂದ ಬಂದ ಹೊಸತರಲ್ಲಿ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿ ಇನ್ನೊಂದು ಸಂಸಾರದ ಜೊತೆ ಫ್ಲಾಟ್ ಹಂಚಿಕೊಂಡಿದ್ದೆವು. ಈಗ ಅಲ್ ರೀಮ್ ಐಲ್ಯಾಂಡಿನಲ್ಲಿದ್ದೇವೆ. ನಮ್ಮ ಬಾಲ್ಕನಿಗೆ ಎದುರಾಗಿ ಕಾಣುವ ಟವರೊಂದರ ನಕ್ಷೆ ತಯಾರಿಸಿದವರಲ್ಲಿ ಮಗಳೂ ಒಬ್ಬಳು. ಮನೆಗೆ ಯಾರೇ ಬರಲಿ, ಚಹಾ ಮುಗಿಯುವ ಮೊದಲೇ ಗಂಡ ಅವರನ್ನು ಬಾಲ್ಕನಿಗೆ ಕರೆದೊಯ್ದು ಅದನ್ನು ತೋರಿಸುತ್ತಿದ್ದರು. ಅಂಥ ಕೆಲಸವನ್ನು ಬಿಟ್ಟು ಅವಳು ಟೂರ್ ಕಂಪನಿಯೊಂದರಲ್ಲಿ ಗೈಡ್ ಆದಳು. ಸಂಜೆ ಹೊತ್ತು ಪ್ರವಾಸಿಗರನ್ನು ಹಳೆಯ ದುಬೈಯ ಗಲ್ಲಿಗಳಲ್ಲಿ ನಡೆಸಿಕೊಂಡು ಹೋಗುವುದು, ಅಲ್ಲಲ್ಲಿ ನಿಲ್ಲಿಸಿ ತಿನ್ನಿಸುವುದು, ಊರಿನ ಕಥೆ ಹೇಳುವುದು. ಗಂಡ ಕೂಗಾಡಲಿಲ್ಲ. ಬಂದವರಿಗೆ ಟವರ್ ತೋರಿಸುವುದನ್ನು ಬಿಟ್ಟರು, ಅಷ್ಟೇ. ಮಗಳು ಮಿರ್ದಿಫ್‌ನಲ್ಲಿ ಗೆಳತಿಯೊಬ್ಬಳ ಜೊತೆ ಮನೆ ಮಾಡಿಕೊಂಡಿದ್ದಳು. ಅವಳು ಫೋನ್ ಮಾಡಿದರೆ ಅಪ್ಪನ ಮಾತು ಊಟ ಆಯಿತಾ ಎನ್ನುವಲ್ಲಿಗೆ ಮುಗಿದು ಫೋನ್ ನನ್ನ ಕೈಗೆ ಬರುತ್ತಿತ್ತು.

"ಒಮ್ಮೆ ಬಂದು ನೋಡವ್ವಾ, ಆಮೇಲೆ ಏನು ಬೇಕಾದ್ರೂ ಅನ್ನು," ಎಂದು ಅವಳೇ ಕರೆದಿದ್ದಳು. ಹಾಗಾಗಿ ಬಂದಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಬರ್ ದುಬೈಯ ಹಳೆಯ ಮಣ್ಣುಬಣ್ಣದ ಮನೆಗಳ ಹತ್ತಿರ ಎಲ್ಲರೂ ಸೇರಿದರು. ಗುಂಪು ಚಿಕ್ಕದು. ಒಂದೇ ಆಫೀಸಿನವರಂತೆ ಕಾಣುವ ಕೆಲವು ಹುಡುಗಿಯರು, ಒಬ್ಬ ಫೋಟೊ ಹುಚ್ಚಿನ ತರುಣ, ಮತ್ತು ಪೋಲೆಂಡಿನಿಂದ ಬಂದ ವಯಸ್ಸಾದ ಗಂಡ ಹೆಂಡತಿ. ಅವರ ಮಗ ದುಬೈಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಅಪ್ಪ ಅಮ್ಮ ಒಂದು ಸಂಜೆ ಹಾಯಾಗಿ ಕಳೆಯಲಿ ಎಂದು ಅವನೇ ಇದಕ್ಕೆ ಹೆಸರು ಬರೆಸಿದ್ದ. ಆ ಮುದುಕ ಎತ್ತರದ ಆಳು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲದಿದ್ದರೂ ಕೈಯಲ್ಲಿ ಮಡಚಿದ ಕೊಡೆ ಹಿಡಿದಿದ್ದ. ಹೆಂಡತಿ ಅವನ ಇನ್ನೊಂದು ತೋಳನ್ನು ಬಿಡದೆ ಹಿಡಿದುಕೊಂಡಿದ್ದಳು. ಪ್ರೀತಿಯವರು ಅಂದುಕೊಂಡೆ.

ಮಗಳು ನನ್ನನ್ನು ಎಲ್ಲರಿಗೂ ಪರಿಚಯಿಸಿ, ಇವತ್ತು ತನಗೆ ಪರೀಕ್ಷೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲೇ ಗಂಡನ ಮೆಸೇಜ್ ಬಂದಿತ್ತು, ಹೇಳಿದೆಯಾ ಎಂದು.

ಬಟ್ಟೆ ಅಂಗಡಿಗಳ ಸಾಲು ದಾಟಿ ಮೊದಲು ನಿಂತಿದ್ದು ಒಬ್ಬ ಹೆಂಗಸು ರಿಗಾಗ್ ಎಂಬ ತೆಳು ರೊಟ್ಟಿ ಮಾಡುವ ಕಡೆ. ಬಿಸಿ ಹಂಚಿನ ಮೇಲೆ ಬರಿಗೈಯಿಂದ ಹಿಟ್ಟು ಸವರಿ, ಅದು ಕಾಗದದಂತೆ ಗರಿಗರಿಯಾದ ಮೇಲೆ ಚೀಸ್ ಹಚ್ಚಿ ಮಡಚಿ ಕೊಡುತ್ತಿದ್ದಳು. ಮಗಳು ಅದನ್ನು ಎತ್ತಿ ಹಿಡಿದು, ಗದಗದಲ್ಲಿ ತನ್ನ ಅಜ್ಜಿ ಜೋಳದ ಹಿಟ್ಟನ್ನು ಹೀಗೆಯೇ ತೆಳ್ಳಗೆ ಬಡಿದು ತಿಂಗಳುಗಟ್ಟಲೆ ಇಡುತ್ತಿದ್ದಳೆಂದೂ, ಇಲ್ಲಿ ಮುತ್ತು ತೆಗೆಯಲು ಸಮುದ್ರಕ್ಕೆ ಹೋಗುತ್ತಿದ್ದವರ ಮನೆಗಳಲ್ಲೂ ಬೇಗ ಕೆಡದ ತಿಂಡಿಗಳೇ ಹೆಚ್ಚಿದ್ದಿರಬೇಕೆಂದೂ ಹೇಳಿದಳು. ರಜೆಗೆ ಊರಿಗೆ ಹೋದಾಗ ರೊಟ್ಟಿ ಮುಟ್ಟದೆ ಬ್ರೆಡ್ ಬೇಕೆಂದು ಹಟ ಮಾಡುತ್ತಿದ್ದ ಹುಡುಗಿ ಇವಳೇನಾ ಅನಿಸಿತು. ಅಜ್ಜಿಯನ್ನು ಹೀಗೆ ಅಪರಿಚಿತರ ಮುಂದೆ ತಂದದ್ದು ನನಗೆ ಅಷ್ಟು ಸರಿ ಕಾಣಲಿಲ್ಲ. ಆದರೆ ಅವಳು ಹೇಳುವಾಗ ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಆಚೆ ದಡಕ್ಕೆ ಹೋಗುವ ಅಬ್ರಾ ದೋಣಿ ಹತ್ತುವ ಮೊದಲು ಅವಳ ಪಕ್ಕ ಸರಿದು, ಒಂದು ಮಾತು ಇದೆ ಎಂದೆ. ಅವಳು ಗುಂಪಿನ ತಲೆ ಎಣಿಸುತ್ತಿದ್ದಳು. "ಆಮೇಲವ್ವಾ, ಪ್ಲೀಸ್," ಎಂದು, "ಯಲ್ಲಾ, ಯಲ್ಲಾ," ಎನ್ನುತ್ತ ಎಲ್ಲರನ್ನೂ ದೋಣಿಗೆ ಹತ್ತಿಸಿದಳು. ಮರದ ಹಲಗೆಯ ಮೇಲೆ ಸಾಲಾಗಿ ಕುಳಿತು ಕ್ರೀಕ್ ಎನ್ನುವ ಆ ಹಿನ್ನೀರು ದಾಟುವಾಗಲೂ ಅವಳ ಮಾತು ನಡೆದೇ ಇತ್ತು. ಇಂಜಿನ್ನಿನ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಪೋಲಿಷ್ ಮುದುಕ ಮಾತ್ರ ಅವಳ ಕಡೆ ನೋಡದೆ ದಡಕ್ಕೆ ಕಟ್ಟಿದ್ದ ದೊಡ್ಡ ಮರದ ಹಡಗುಗಳನ್ನು ಎವೆಯಿಕ್ಕದೆ ನೋಡುತ್ತಿದ್ದ.

ಆಚೆ ದಡದ ದೇರಾದಲ್ಲಿ ಮಸಾಲೆ ಅಂಗಡಿಗಳ ಗಲ್ಲಿ ಗಿಜಿಗುಡುತ್ತಿತ್ತು. ಒಣಗಿದ ನಿಂಬೆಕಾಯಿ, ಕೇಸರಿ, ಗುಲಾಬಿ ಮೊಗ್ಗುಗಳ ಮೂಟೆಗಳ ನಡುವೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಅಂಗಡಿಯವರು ಮಗಳನ್ನು ಗುರುತು ಹಿಡಿದು ಮಾತಾಡಿಸುತ್ತಿದ್ದರು. ಯಾರಾದರೂ ಏನಾದರೂ ಅಂದಾರು ಎಂದು ನಾನು ಅವರೆಲ್ಲರ ಮುಖ ನೋಡುತ್ತ ಹೋದೆ. ಗಲ್ಲಿಯ ಕೊನೆಗೆ ಮಹಡಿಯ ಮೇಲೆ ಒಂದು ಚಿಕ್ಕ ಇರಾನಿ ಹೋಟೆಲ್. ಅಲ್ಲಿ ಕೂತು ತಂದೂರಿನಿಂದ ಬಿಸಿ ರೊಟ್ಟಿ ಬರುವುದನ್ನು ಕಾಯುತ್ತಿದ್ದಾಗ ಮುದುಕ ಕೈ ತೊಳೆಯಲು ಎದ್ದು ಹೋದ. ರೊಟ್ಟಿ ಬಂತು, ಅವನು ಬರಲಿಲ್ಲ.

ಹೆಂಡತಿ ಎದ್ದು ಕೈ ತೊಳೆಯುವ ಕಡೆ ಹೋಗಿ ನೋಡಿ ಬಂದಳು. ಅವಳ ಮುಖ ಬಿಳುಪೇರಿತ್ತು. ಮಗಳ ಹತ್ತಿರ ತುಂಡು ತುಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವನಿಗೆ ಮರೆವಿನ ಕಾಯಿಲೆ, ಒಂದೊಂದು ಸಲ ತಾನೆಲ್ಲಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ, ಫೋನ್ ಇಟ್ಟುಕೊಳ್ಳುವುದಿಲ್ಲ. ಅವಳು ಇಡೀ ದಾರಿ ಅವನ ತೋಳು ಹಿಡಿದದ್ದು ಯಾಕೆಂದು ನನಗೆ ಆಗ ತಿಳಿಯಿತು.

ನನಗೆ ಮೊದಲು ಬಂದದ್ದು ಮುದುಕನ ಚಿಂತೆಯಲ್ಲ. ಇವನಿಗೆ ಏನಾದರೂ ಆದರೆ ನಾಳೆ ಪೊಲೀಸರು ಯಾರನ್ನು ಕೇಳುತ್ತಾರೆ, ಇವಳ ವೀಸಾ ಗತಿ ಏನು ಎಂಬ ಯೋಚನೆ. ಆಫೀಸಿನಲ್ಲಿ ಕೂತು ಗೆರೆ ಎಳೆಯುವವರಿಗೆ ಈ ಗೋಳಿಲ್ಲವಲ್ಲ ಎಂದುಕೊಂಡೆ.

ಮಗಳು ದನಿ ಏರಿಸಲಿಲ್ಲ. ಉಳಿದವರಿಗೆ ಊಟ ಮುಂದುವರಿಸಲು ಹೇಳಿದಳು. ಹೋಟೆಲಿನವನಿಗೆ ಹಿಂದಿಯಲ್ಲಿ ವಿಷಯ ತಿಳಿಸಿ, ಕೆಳಗಿನ ಅಂಗಡಿಗಳವರಿಗೂ ಹೇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ನೀ ಇವರನ್ನ ಕರ್ಕೊಂಡು ನೀರಿನ ಕಡೆ ಹೋಗು. ನಾ ಬಂಗಾರದ ಅಂಗಡಿ ಕಡೆ ನೋಡ್ತೀನಿ. ಸಿಕ್ಕರ ಫೋನ್ ಮಾಡು, ಕೈ ಹಿಡಿದು ಎಳೀಬ್ಯಾಡ," ಎಂದಳು. ನನ್ನ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದಳು.

ನಾವಿಬ್ಬರು ಹೆಂಗಸರು ಜನರನ್ನು ಸರಿಸಿಕೊಂಡು ನಡೆದೆವು. ಅವಳು ಪ್ರತಿ ಅಂಗಡಿಯೊಳಗೂ ಕತ್ತು ಚಾಚುತ್ತಿದ್ದಳು. ನಡೆಯುತ್ತಲೇ, ನನಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ಎಂಬಂತೆ ಮಾತಾಡಿದಳು. ಅವರದು ಗ್ದಾನ್ಸ್ಕ್ ಎಂಬ ಊರು. ಅಲ್ಲಿ ಹೊಳೆಯ ದಡದಲ್ಲೇ ಹಳೆಯ ಪೇಟೆ. ಅವಳ ಗಂಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ. ಸಂಜೆಯಾದರೆ ಊರು ನೋಡಲು ಬಂದವರನ್ನು ಕಟ್ಟಿಕೊಂಡು, ಹಿಂದಿನವರಿಗೂ ಕಾಣಲೆಂದು ಕೊಡೆ ಎತ್ತಿ ಹಿಡಿದು, ಇದೇ ರೀತಿ ನಡೆಸುತ್ತಿದ್ದನಂತೆ. ಒಂದು ಕಡೆ ಹುಳಿ ಸೂಪು, ಇನ್ನೊಂದು ಕಡೆ ಆಲೂಗಡ್ಡೆ ಹೂರಣದ ಕಡುಬು, ಕೊನೆಗೆ ಹೊಳೆದಂಡೆಯಲ್ಲಿ ನಿಂತು ಹಡಗುಗಳ ಕಥೆ. ಅವಳು ಮನೆಯಲ್ಲಿ ಊಟ ಹಿಡಿದು ಕಾಯುತ್ತಿದ್ದಳು, ಅವನು ಆ ಬಂದವರ ಜೊತೆ ಉಂಡೇ ಬರುತ್ತಿದ್ದ. ಇದನ್ನು ಹೇಳುವಾಗ ಆ ಗಾಬರಿಯಲ್ಲೂ ಅವಳ ದನಿಯಲ್ಲಿ ಹಳೆಯ ಮುನಿಸು ಇಣುಕಿತು.

ರಸ್ತೆ ದಾಟಿ ದೋಣಿ ನಿಲ್ಲುವ ಕಡೆಗೆ ಬಂದಾಗ ಮೊದಲು ಕಂಡಿದ್ದು ಕೊಡೆ. ಮುದುಕ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ದಡದ ಹಡಗುಗಳಿಗೆ ಬೆನ್ನು ಹಾಕಿ ನಿಂತಿದ್ದ. ಅವನ ಎದುರಿಗೆ ಪಾಳಿ ಮುಗಿಸಿದ ಕೆಲವು ದೋಣಿಯವರು, ಚಹಾದ ಲೋಟ ಹಿಡಿದ ಇಬ್ಬರು ದಾರಿಹೋಕರು. ಮುದುಕ ಪೋಲಿಷ್ ಭಾಷೆಯಲ್ಲಿ ನಿರರ್ಗಳವಾಗಿ ಮಾತಾಡುತ್ತಿದ್ದ. ಆಚೆ ದಡದ ಮಿನಾರನ್ನು ತೋರಿಸಿದ, ನೀರನ್ನು ತೋರಿಸಿದ, ಏನೋ ತಮಾಷೆ ಹೇಳಿ ತಾನೇ ಮೊದಲು ನಕ್ಕ. ಒಂದಕ್ಷರವೂ ತಿಳಿಯದ ಆ ಜನ ಮರ್ಯಾದೆಯಿಂದ ಕೇಳುತ್ತಿದ್ದರು. ಅವನು ನಕ್ಕಾಗ ಅವರೂ ನಕ್ಕರು.

ಹೆಂಡತಿ ಓಡಿಹೋಗಲಿಲ್ಲ. ಅಲ್ಲೇ ನಿಂತು ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಮಾತಿನ ಮಧ್ಯೆ ಎಳೆದರೆ ಅವನು ರೇಗುತ್ತಾನೆ, ಒಮ್ಮೆ ತನ್ನನ್ನೇ ತಳ್ಳಿದ್ದ ಎಂದಳು. ನಾನು ಮಗಳಿಗೆ ಫೋನ್ ಮಾಡಿದೆ. ಅವಳು ಬರುವಷ್ಟರಲ್ಲಿ ಅವನು ಎಲ್ಲಿ ನೀರಿನ ಅಂಚಿಗೆ ಹಿಂದೆ ಹಿಂದೆ ಸರಿಯುತ್ತಾನೋ ಎಂದು ನನ್ನ ಜೀವ ಕೈಯಲ್ಲಿತ್ತು. ಒಬ್ಬ ದೋಣಿಯವನಿಗೆ ಸನ್ನೆ ಮಾಡಿದೆ. ಅವನಿಗೆ ಅರ್ಥವಾಯಿತು. ಮೆಲ್ಲಗೆ ಎದ್ದು ಹೋಗಿ ಮುದುಕನ ಹಿಂದೆ, ನೀರಿನ ಕಡೆಗೆ ನಿಂತುಕೊಂಡ.

ಮಗಳು ಓಡುತ್ತ ಬಂದಳು. ಇಪ್ಪತ್ತು ಅಡಿ ದೂರದಲ್ಲಿ ಓಟ ನಿಲ್ಲಿಸಿ, ಉಸಿರು ಹತೋಟಿಗೆ ತಂದುಕೊಂಡು, ಕೇಳುವವರ ಸಾಲಿನಲ್ಲಿ ಹೋಗಿ ನಿಂತಳು. ಅವನ ಮಾತು ಒಂದು ನಿಲುಗಡೆಗೆ ಬರುವ ತನಕ ಕೇಳಿದಳು. ಆಮೇಲೆ ಶಾಲೆಯ ಹುಡುಗಿಯಂತೆ ಕೈ ಎತ್ತಿ, ಮುಂದೆ ಎಲ್ಲಿ ಊಟ ಮಾಡುವುದು ಸರ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಅವಳನ್ನು ನೋಡಿದ. ಒಂದು ಕ್ಷಣ ಅವನ ಮುಖದ ಮೇಲೆ ಏನೂ ಇರಲಿಲ್ಲ. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಬಳಿಕ ಅವನೂ ಇಂಗ್ಲಿಷಿಗೆ ತಿರುಗಿ, "ಮೊದಲು ಸೂಪು," ಎಂದ.

ಸೂಪು ಚೆನ್ನಾಗಿ ಮಾಡುವ ಒಂದು ಜಾಗ ತನಗೆ ಗೊತ್ತೆಂದೂ, ಸರ್ ಮುಂದೆ ನಡೆದರೆ ತಾನು ಪಕ್ಕದಲ್ಲಿ ದಾರಿ ಹೇಳುತ್ತೇನೆಂದೂ ಅವಳು ಹೇಳಿದಳು. ಅವನು ಕೊಡೆ ಎತ್ತಿ ಹಿಡಿದು ಹೊರಟ. ದೋಣಿಯವರಲ್ಲಿ ಇಬ್ಬರು ಗಲ್ಲಿಯ ಬಾಯಿಯವರೆಗೂ ಹಿಂದೆ ಬಂದರು. ನಾನು ಅವನ ಹೆಂಡತಿಯ ಕೈ ಹಿಡಿದುಕೊಂಡು ಕೊನೆಯಲ್ಲಿ ನಡೆದೆ. ಹೋಟೆಲಿನಲ್ಲಿ ಬೇಳೆ ಸೂಪು ಬಂತು. ಅವನು ನಿಂಬೆ ಹಿಂಡಿ, ಚಮಚ ಚಮಚವಾಗಿ ಬಟ್ಟಲು ಖಾಲಿ ಮಾಡಿದ. ಅವರ ಮಗ ಕಾರಿನಲ್ಲಿ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುವ ತನಕ ಮಗಳು ನಗುನಗುತ್ತಲೇ ಇದ್ದಳು. ಅವಳ ತಟ್ಟೆಯ ರೊಟ್ಟಿ ಮುರಿಯದೆ ಹಾಗೇ ಇದ್ದದ್ದನ್ನು ಪಕ್ಕದಲ್ಲಿ ಕೂತ ನಾನು ಮಾತ್ರ ನೋಡಿದೆ. ಗಂಡನ ಇನ್ನೊಂದು ಮೆಸೇಜ್ ಬಂದಿತ್ತು. ಫೋನನ್ನು ಚೀಲಕ್ಕೆ ಹಾಕಿದೆ.

ಮಿರ್ದಿಫ್‌ಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಹೇಳಿಬಿಟ್ಟೆ. ಸೋಮವಾರದ ಭೇಟಿ, ಕಂಪನಿ, ಅಪ್ಪನ ಪರಿಚಯದವರು, ಎಲ್ಲ. ಅವಳು ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದುತ್ತ ಕೇಳಿದಳು.

"ನಿನ್ನೆ ರಾತ್ರಿ ಎಲ್ಲಾ ಅದ ಯೋಚನಿ ಮಾಡಿದೆ ಅವ್ವಾ. ಆ ಅಜ್ಜ ನೀರಿಗೆ ಬಿದ್ದಿದ್ರ ನಾ ಏನ್ ಮಾಡ್ತಿದ್ದೆ ಅಂತ," ಎಂದಳು.

"ಅದಕ್ಕ ಹೇಳಾಕತ್ತೀನಿ. ಆಫೀಸಿನ್ಯಾಗ ಇಂಥಾದ್ದು ಇರೂದಿಲ್ಲ."

"ಅಲ್ಲಿ ಏನೂ ಇರ್ತಿರಲಿಲ್ಲ. ಮೂರು ವರ್ಷ ಪಾರ್ಕಿಂಗ್ ಡ್ರಾಯಿಂಗ್ ಮಾಡಿದೆ. ಅಪ್ಪ ಎಲ್ಲಾರಿಗೂ ಟವರ್ ತೋರಿಸ್ತಿದ್ದ. ನಾ ಮಾಡಿದ್ದು ನೆಲದ ಕೆಳಗ ಇತ್ತು."

ಇದು ನನಗೆ ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿರಲಿಕ್ಕಿಲ್ಲ. ನಾನು ಲೋಟ ಕೆಳಗಿಟ್ಟೆ.

"ಹಂಗಾರ ಹೋಗೂದಿಲ್ಲಾ?"

"ಇಲ್ಲವ್ವಾ. ಸಾರಿ. ಅಪ್ಪಗ ನಾನ ಹೇಳ್ಲಿ?"

"ಬ್ಯಾಡ. ನಾ ಹೇಳ್ತೀನಿ," ಎಂದೆ. ಒಳ್ಳೆಯದು ಮಾಡಿದೆ ಎಂದು ಹೇಳಲು ನಾಲಿಗೆ ಬರಲಿಲ್ಲ. ತಪ್ಪು ಎನ್ನಲೂ ಆಗಲಿಲ್ಲ.

ವಾಪಸು ಬಸ್ಸಿನಲ್ಲಿ ಗಂಡನಿಗೆ ಹೇಗೆ ಹೇಳಬೇಕೆಂದು ನಾಲ್ಕಾರು ಥರ ಜೋಡಿಸಿಕೊಂಡೆ. ಮನೆಯಲ್ಲಿ ಅವರು ಬಾಗಿಲು ತೆರೆದದ್ದೇ ನನ್ನ ಮುಖ ನೋಡಿ, "ಒಲ್ಲೆ ಅಂದ್ಲಲ್ಲ?" ಎಂದರು. ಹೌದೆಂದೆ. ಪರಿಚಯದವರಿಗೆ ಫೋನ್ ಹಚ್ಚಿ, ಮಗಳಿಗೆ ಬೇರೆ ಕೆಲಸವಿದೆ, ಬರಲಾಗುವುದಿಲ್ಲ ಎಂದು ಚುಟುಕಾಗಿ ಹೇಳಿ ಮುಗಿಸಿದರು. ಊಟದ ಹೊತ್ತಿಗೆ ನಾನು ಮುದುಕನ ವಿಷಯ ತೆಗೆದೆ. ಉಣ್ಣುವುದನ್ನು ನಿಲ್ಲಿಸಿ ಕೇಳಿದರು. ಅವಳು ಒಬ್ಬಳೇ ಹುಡುಕಿದಳೇ, ಯಾರೂ ಅವಳಿಗೆ ಬೈಯಲಿಲ್ಲವೇ, ಟೂರ್ ಕಂಪನಿಯವರು ಜೊತೆಗೆ ಇನ್ನೊಬ್ಬರನ್ನು ಯಾಕೆ ಕಳಿಸುವುದಿಲ್ಲ ಎಂದು ಒಂದರ ಹಿಂದೊಂದು ಪ್ರಶ್ನೆ. ನೆಲದ ಕೆಳಗಿನ ಪಾರ್ಕಿಂಗ್ ಮಾತನ್ನು ನಾನು ಹೇಳಲಿಲ್ಲ. ಇನ್ನೂ ಹೇಳಿಲ್ಲ.

ಮರುವಾರ ಅವರು ತಾವಾಗಿಯೇ ಮಗಳಿಗೆ ಫೋನ್ ಮಾಡಿದರು. ಮುಂದೆ ಗುಂಪಿನಲ್ಲಿ ಮುದುಕರಿದ್ದರೆ ಮೊದಲೇ ಮನೆಯವರ ನಂಬರ್ ತೆಗೆದುಕೋ ಎಂದು ಬುದ್ಧಿ ಹೇಳಿದರು. ಅವಳು ಆಗಲೇ ಹಾಗೆ ಮಾಡತೊಡಗಿದ್ದಳಂತೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು. ಜಗಳ ಆಗಲಿಲ್ಲ.

ಈಗ ಬೇಸಿಗೆ ಹತ್ತಿರ ಬರುತ್ತಿದೆ. ಸೆಕೆ ಶುರುವಾದರೆ ನಡೆಯುವವರು ಯಾರೂ ಬರುವುದಿಲ್ಲ, ಆ ತಿಂಗಳುಗಳಲ್ಲಿ ಏನು ಮಾಡುತ್ತೀ ಎಂದರೆ ಮಗಳು ನೋಡೋಣ ಎನ್ನುತ್ತಾಳೆ. ಆ ನೋಡೋಣ ಎಂಬುದು ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ. ಶನಿವಾರ ಕತ್ತಲಾಗುತ್ತಿದ್ದಂತೆ ದೋಣಿಯಲ್ಲಿ ಆಚೆ ದಾಟಿದರೇ, ಎಲ್ಲರೂ ದಡ ಹತ್ತಿದರೇ ಎಂದು ಅಡುಗೆಮನೆಗೂ ಹಾಲಿಗೂ ಅಡ್ಡಾಡುತ್ತೇನೆ. ಸಂಜೆಯ ಸುತ್ತು ಮುಗಿದ ಕೂಡಲೇ ಅವಳು 'ಖಲಾಸ್' ಎಂದು ಒಂದೇ ಪದ ಕಳಿಸುತ್ತಾಳೆ. ಅದು ಬರುವ ತನಕ ಗಂಡ ಟಿವಿಯ ಮುಂದೆ ಸದ್ದು ತಗ್ಗಿಸಿಕೊಂಡು ಕೂತಿರುತ್ತಾರೆ. ಕಳೆದ ವಾರ ಸ್ವಲ್ಪ ತಡವಾಯಿತು. "ಬಂತೇನು?" ಎಂದು ಅವರೇ ಕೇಳಿದರು. ಇನ್ನೂ ಇಲ್ಲ ಎಂದೆ. ಎದ್ದು ಚಪ್ಪಲಿ ಹಾಕಿಕೊಂಡು, ಹೋಗುವುದೆಲ್ಲಿಗೆಂದು ತಿಳಿಯದೆ ಬಾಗಿಲ ಹತ್ತಿರವೇ ನಿಂತರು.