ಕಾಗೆ ಎಂಜಲಿನ ಪೆಪ್ಪರ್‌ಮಿಂಟು

ಶಿಡ್ಲಘಟ್ಟದ ನಮ್ಮ ಶಾಲೆಯ ಐದನೇ ತರಗತಿಗೆ ಆ ಹುಡುಗಿಯನ್ನು ಸೇರಿಸಿದ ದಿನ, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವ ಅವಳ ತಾಯಿ ಪಾಠದ ಬಗ್ಗೆ ಏನೂ ಕೇಳಲಿಲ್ಲ. "ಕಡ್ಲೆಬೀಜದ ಚೂರು ಬಾಯಿಗೆ ಬಿದ್ರೂ ಇವಳಿಗೆ ಉಸಿರು ಕಟ್ಟುತ್ತೆ ಮಿಸ್. ಒಂದ್ಸಲ ಹೋಗಿ ಬಂದಿರೋ ಜೀವ ಇದು" ಎಂದರು.

ಬಿಸಿಯೂಟದ ಜೊತೆ ಮೊಟ್ಟೆ ತಿನ್ನದ ಮಕ್ಕಳಿಗೆ ನಾವು ಬಾಳೆಹಣ್ಣು, ಇಲ್ಲವೇ ಕಡಲೆಬೀಜದ ಚಿಕ್ಕಿ ಕೊಡುತ್ತೇವೆ. ಚಿಕ್ಕಿ ತೆಗೆದುಕೊಂಡವರು ಆಚೆ ಜಗಲಿಯಲ್ಲೇ ತಿಂದು, ಸೋಪು ಹಚ್ಚಿ ಕೈತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದೆ. ಅಡುಗೆಯವರ ಒಗ್ಗರಣೆಯನ್ನೂ ಬಿಡದೆ ವಿಚಾರಿಸುತ್ತಿದ್ದೆ. ಉಳಿದ ಮೇಷ್ಟ್ರುಗಳು ನನ್ನನ್ನು ಕಡಲೆಕಾಯಿ ಪೊಲೀಸು ಎನ್ನುತ್ತಿದ್ದರು. ಒಳಗೊಳಗೇ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಲೆಕ್ಕ ಹೇಳಿಕೊಡುತ್ತಿದ್ದಾಗ ಆ ಹುಡುಗಿಯ ತುಟಿ ಊದಿಕೊಂಡಿತು. ಉಸಿರಿಗೆ ಒದ್ದಾಡತೊಡಗಿದಳು. ಎತ್ತಿಕೊಂಡು ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತೆನೋ ನೆನಪಿಲ್ಲ.

ಮರುದಿನ ಅವಳ ಪಕ್ಕ ಕೂರುವ ಗೆಳತಿಯನ್ನು ಕರೆದು ಚೆನ್ನಾಗಿ ಗದರಿದೆ. ಹಿಪ್ಪುನೇರಳೆ ತೋಟದವರ ಮಗಳು, ಮೊಟ್ಟೆ ತಿನ್ನದ ಮನೆ. ನಾನು ಅವಳಿಗೆ ಚಿಕ್ಕಿ ಕೊಟ್ಟೇ ಇಲ್ಲ, ಒಂದು ಪೆಪ್ಪರ್‌ಮಿಂಟನ್ನು ಇಬ್ಬರೂ ಹಂಚಿಕೊಂಡೆವು ಅಷ್ಟೇ ಎಂದು ಅತ್ತಳು. "ಎಂಜಲೂ ಮಾಡಿಲ್ಲ ಮಿಸ್. ಕಾಗೆ ಎಂಜಲು ಮಾಡಿ ಕೊಟ್ಟೆ" ಎಂದು ಅಂಗಿಯ ತುದಿ ಹಿಡಿದು ತೋರಿಸಿದಳು.

ಬಟ್ಟೆಯಲ್ಲಿ ಸುತ್ತಿ ಕಚ್ಚಿ ಮುರಿದರೆ ಅದು ಎಂಜಲಲ್ಲ. ನಾವೆಲ್ಲ ಹಾಗೇ ಹಂಚಿಕೊಂಡು ಬೆಳೆದವರು. ಆದರೆ ಅದಕ್ಕೂ ಮುಂಚೆ ಅದೇ ತುದಿಯಲ್ಲಿ ಜಗಲಿಯ ಮೇಲೆ ಇನ್ನೊಬ್ಬಳಿಗೆಂದು ಚಿಕ್ಕಿಯನ್ನೂ ಕಚ್ಚಿ ಮುರಿದಿದ್ದಳಂತೆ. ಅಂಗಿ ಒಗೆದಿರಲಿಲ್ಲ, ಬೆಲ್ಲದ ಅಂಟು, ಬೀಜದ ಪುಡಿ ಇನ್ನೂ ಅಲ್ಲೇ ಇದ್ದವು. ಕೈ ತೊಳೆಸಿದ್ದೆ, ಬಾಯಿ ತೊಳೆಸಿದ್ದೆ, ಅಂಗಿಯ ನೆನಪೇ ನನಗೆ ಬಂದಿರಲಿಲ್ಲ. ಆ ಮಗುವಿನ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ವಾರ ಕಳೆದು ಹುಡುಗಿ ಶಾಲೆಗೆ ಮರಳಿದಳು. ಅಂದು ಗೆಳತಿ, ಯಾರೂ ಹೇಳದೆಯೇ, ಚಿಕ್ಕಿ ಬಿಟ್ಟು ಬಾಳೆಹಣ್ಣು ತೆಗೆದುಕೊಂಡಳು. ಸೋಪು ಹಚ್ಚಿ ಕೈತೊಳೆದು ಬಂದು, ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. ಆಮೇಲೆ ಹಣ್ಣು ಸುಲಿದು, ಮುರಿದು, ಅರ್ಧ ಕೊಟ್ಟಳು.

ಹುಡುಗಿ ಹಣ್ಣು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಗೆಳತಿಯ ಅಂಗಿಯ ತುದಿಯನ್ನೊಮ್ಮೆ ನೋಡಿದೆ.

"ತಿನ್ನಮ್ಮ" ಎಂದೆ. ಅವಳು ನುಂಗುವವರೆಗೂ ನಾನು ಉಸಿರು ಬಿಡಲಿಲ್ಲ.