ಅಮ್ಮನ ಬಾಣಂತನಕ್ಕೆ ನಾನು ಕೂತ ಕಾವಲು

ಓದುಗರಲ್ಲಿ ಮೊದಲಿಗೆ ವಿನಂತಿಸುವುದೇನೆಂದರೆ, ಇದು ನಾನು ಬರೆಯುತ್ತಿರುವ ಮೊದಲ ಬರಹ, ತಪ್ಪುಗಳಿದ್ದಲ್ಲಿ ಮನ್ನಿಸಬೇಕು. ಆದರೆ ಇದರಲ್ಲಿ ಬರುವ ನನ್ನ ದೊಡ್ಡತ್ತೆಯವರನ್ನು ಮನ್ನಿಸಬೇಕೆಂದು ನಾನು ಕೋರುವುದಿಲ್ಲ. ನಾನೂ ಮನ್ನಿಸಿಲ್ಲ.

ಬೆಂಗಳೂರಿನ ಅಂಚಿನ ಕೋಗಿಲಿನಲ್ಲಿದ್ದ ನಮ್ಮ ಮನೆಯ ಹಿಂದೆ ಆಗಿನ್ನೂ ರಾಗಿ ಹೊಲವಿತ್ತು. ಜಕ್ಕೂರಿನಿಂದ ಎದ್ದ ಸಣ್ಣ ವಿಮಾನಗಳು ತಲೆಯ ಮೇಲೆ ಹಾದರೆ ಕುಂಟೆಬಿಲ್ಲೆಯನ್ನು ಅರ್ಧಕ್ಕೆ ನಿಲ್ಲಿಸಿ ಕೈಬೀಸುತ್ತಿದ್ದ ಕಾಲವದು. ನಾನು ಮೂರನೆಯ ತರಗತಿಯಲ್ಲಿದ್ದಾಗ ತಮ್ಮ ಹುಟ್ಟಿದ. ಅಮ್ಮನ ತಾಯಿ ಆ ವೇಳೆಗಾಗಲೇ ತೀರಿಕೊಂಡಿದ್ದ ಕಾರಣ, ಬಾಣಂತನದ ಸಂಪೂರ್ಣ ಹೊಣೆಯನ್ನು ಅಪ್ಪನ ಅಕ್ಕನಾದ ದೊಡ್ಡತ್ತೆ ವಹಿಸಿಕೊಂಡರು. ಅಪ್ಪ ಬೆಳಗಾಗುತ್ತಲೇ ಯಶವಂತಪುರದ ಈರುಳ್ಳಿ ಮಂಡಿಗೆ ಹೊರಟುಬಿಡುತ್ತಿದ್ದರು. ಅಕ್ಕನ ಮಾತಿಗೆ ಎದುರಾಡಿದವರಲ್ಲ.

ಬಾಣಂತಿಯ ಮೈ ಹಸಿ, ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಸೊಪ್ಪು ತಿಂದರೆ ಮಗುವಿಗೆ ಶೀತವಾಗುತ್ತದೆ ಎಂಬುದು ದೊಡ್ಡತ್ತೆಯವರ ಕಾನೂನು. ಅದರಂತೆ ಅಮ್ಮನಿಗೆ ಎರಡು ಹೊತ್ತೂ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಕುಡಿಯಲು ಓಮ ಹಾಕಿ ಕಾಯಿಸಿದ ನೀರು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಸಾಂಬ್ರಾಣಿ ಹೊಗೆ ತುಂಬಿದ ಆ ಕೋಣೆಯಲ್ಲಿ ಅಮ್ಮನ ತುಟಿಗಳು ಒಡೆದು ಸಿಪ್ಪೆ ಏಳುತ್ತಿದ್ದವು.

ಸದರಿ ಕಾನೂನಿನ ಪಾಲನೆಗೆ ನನ್ನನ್ನು ನೇಮಿಸಲಾಯಿತು. ಶಾಲೆಯಿಂದ ಬಂದವಳು ಕೋಣೆಯ ಹೊಸ್ತಿಲಲ್ಲಿ ಕೂರಬೇಕು. ಅಮ್ಮ ಬೇರೇನನ್ನಾದರೂ ಬಾಯಿಗಿಟ್ಟರೆ ವರದಿ ಮಾಡಬೇಕು. ಪ್ರತಿಯಾಗಿ ನನಗೆ ಕೊಬ್ಬರಿ ಬೆಲ್ಲದ ಉಂಡೆ. ಆ ಉಂಡೆಗಳನ್ನು ಅಮ್ಮನಿಗೆಂದೇ ಕಟ್ಟಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ತಿಂದೆ.

ಮೂರನೆಯ ವಾರದ ಹೊತ್ತಿಗೆ ಹಾಲು ಕಡಿಮೆಯಾಯಿತು. ತಮ್ಮ ಎದೆಗೆ ಬಾಯಿಟ್ಟು ಎರಡೇ ಕ್ಷಣದಲ್ಲಿ ಕಿರುಚುತ್ತಿದ್ದ.

"ಇವ್ರಮ್ಮಂಗೂ ಇಂಗೇಯಾ, ಎದ್ಯಾಗೆ ಆಲೇ ಇರ್ಲಿಲ್ವಂತೆ" ಎಂದು ದೊಡ್ಡತ್ತೆ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. "ಸೋಮವಾರ ಡಬ್ಬಿ ಆಲು ತರುಸ್ತೀನಿ. ಇವ್ಳನ್ನ ನಂಬ್ಕಂಡು ಕುಂತ್ರೆ ಮಗ ಒಣಗೋಯ್ತದೆ."

"ಡಬ್ಬಿ ಬೇಡ ಅತ್ತಿಗೆ, ನಾನೇ ಕುಡಿಸ್ತೀನಿ" ಎಂದು ಅಮ್ಮ ಬೇಡಿಕೊಂಡರೆ, "ಏನ್ ಕುಡುಸ್ತೀಯ, ಕಣ್ಣೀರಾ?" ಎನ್ನುತ್ತಿದ್ದರು.

ಪಕ್ಕದ ಮನೆಯ ಶಾಹೀನಾ ಆಂಟಿಗೆ ಈ ಅಳು ಕೇಳಿಸುತ್ತಿತ್ತು. ಶನಿವಾರ ಮಧ್ಯಾಹ್ನ, ದೊಡ್ಡತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಅವರು ಕಿಟಕಿಯಿಂದ ಒಂದು ಬಟ್ಟಲು ಸಬ್ಬಸಿಗೆ ಸೊಪ್ಪಿನ ಪಲ್ಯ, ಒಂದು ಚೊಂಬು ರಾಗಿ ಗಂಜಿ ಕೊಟ್ಟರು. "ನಾನು ನಾಕು ಮಕ್ಕಳಿಗೆ ಇದೇ ತಿಂದ್ಕೊಂಡು ಹಾಲು ಕೊಟ್ಟಿರೋದು. ಬೇಗ ತಿನ್ನು."

ಅಮ್ಮ ನನ್ನತ್ತ ತಿರುಗಿ, "ಹೇಳ್ಬೇಡ ಕಣೇ" ಎಂದರು. ಅಷ್ಟೇ ಮಾತು.

ನಾನು ಹಿತ್ತಲಿಗೆ ಹೋಗಿ ಹೇಳಿದೆ.

ದೊಡ್ಡತ್ತೆ ಒದ್ದೆ ಕೈಯಲ್ಲೇ ಬಂದು, ಅಮ್ಮನ ಬಾಯಿಯ ಬಳಿಯಿದ್ದ ಬಟ್ಟಲನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದರು. ಸೊಪ್ಪು ಅಲ್ಲೇ ಕಾದು ನಿಂತಿದ್ದ ಶಾಹೀನಾ ಆಂಟಿಯ ಕಾಲ ಮೇಲೆ ಬಿತ್ತು. "ನಿಮ್ಮನೆ ಬಾಣಂತೀನ ನೀವು ನೋಡ್ಕಳಿ" ಎಂದರು.

"ನಮ್ಮನೆ ಬಾಣಂತಿ ಅಳಲ್ಲ ರೀ" ಎಂದು ಆಂಟಿ ಬಟ್ಟಲು ಎತ್ತಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಮೊದಲೇ, ಮಗುವಿನ ತೂಕ ನೋಡುವ ನರ್ಸ್ ಬಂದರು. ತೂಗಿದವರು ಮತ್ತೊಮ್ಮೆ ತೂಗಿದರು. "ಅಜ್ಜಿ, ತೂಕ ಇಳಿದಿದೆ. ತಾಯಿಗೆ ಏನ್ ಕೊಡ್ತಿದ್ದೀರಾ?"

"ಅಜ್ಜಿ ಯಾರ್ಗೆ? ಎಲ್ಲಾ ಕೊಡ್ತಾ ಇವ್ನಿ. ಅವ್ಳ ಮೈನಾಗೇ ಇಲ್ಲ."

ವರದಿ ತಪ್ಪಾಗಿದೆಯೆಂದು ನನಗೆ ತೋರಿತು. ಎದ್ದು ನಿಂತು, ತರಗತಿಯಲ್ಲಿ ಮಗ್ಗಿ ಒಪ್ಪಿಸುವಂತೆ ಹೇಳಿದೆ: "ಎಲ್ಲಾ ಕೊಡಲ್ಲ ಸಿಸ್ಟರ್. ದಿನಕ್ಕೆ ಎರಡೇ ಲೋಟ ನೀರು. ಸೊಪ್ಪಿಲ್ಲ, ಹಣ್ಣಿಲ್ಲ, ಮೊಸರಿಲ್ಲ. ಬೇರೆ ಏನಾದ್ರೂ ತಿಂದ್ರೆ ನಾನು ಅತ್ತೆಗೆ ಹೇಳ್ತೀನಿ. ಶನಿವಾರಾನೂ ಹೇಳಿದೆ."

ಅಮ್ಮನಿಗಾಗಿ ನಾನು ಮಾತನಾಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಶಹಬ್ಬಾಸ್ ಎನ್ನುತ್ತಾರೆಂದು ಕಾದಿದ್ದೆ.

ನರ್ಸ್ ತಾವೇ ಅಡುಗೆಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಅಮ್ಮ ಉಸಿರು ತೆಗೆದುಕೊಳ್ಳದೆ ಕುಡಿದರು. ಗಂಟಲಿನ ಗುಟುಕಿನ ಸದ್ದೊಂದೇ ಕೇಳುತ್ತಿತ್ತು. "ಹಾಲು ಕುಡಿಸೋವಾಗೆಲ್ಲ ನೀರು ಕುಡೀಬೇಕು. ಸಬ್ಬಸಿಗೆ, ನುಗ್ಗೆ ಸೊಪ್ಪು, ಬೇಳೆ, ಮೊಟ್ಟೆ, ಮೊಸರನ್ನ ಎಲ್ಲಾ ತಿನ್ನಮ್ಮ. ಹಸಿದ್ಕೊಂಡು ಯಾರಿಗೂ ಹಾಲು ಬರಲ್ಲ" ಎಂದರು.

ದೊಡ್ಡತ್ತೆ ಅಂದೇ ಚೀಲ ಕಟ್ಟಿದರು. "ಮನೇಲಿ ಆವು ಸಾಕವ್ಳೆ" ಎಂದು ನನ್ನನ್ನು ತೋರಿಸಿ ಹೇಳಿದರು. ಮರಳಿ ನಮ್ಮ ಹೊಸ್ತಿಲು ತುಳಿಯಲಿಲ್ಲ. ವಾರ ಕಳೆಯುವುದರೊಳಗೆ ಅಮ್ಮನ ಎದೆಯಲ್ಲಿ ಹಾಲು ತುಂಬಿತು. ತಮ್ಮ ಈಗ ಬಾಗಿಲು ದಾಟಲು ತಲೆ ಬಗ್ಗಿಸಬೇಕಾದಷ್ಟು ಎತ್ತರ.

ರಾಗಿ ಹೊಲದಲ್ಲಿ ಇಂದು ಅಪಾರ್ಟ್‌ಮೆಂಟ್ ನಿಂತಿದೆ. ಅದರ ಬಗ್ಗೆ ನನಗೆ ಹೆಚ್ಚಿನ ದುಃಖವಿಲ್ಲ. ಅಮ್ಮನಿಗೆ ಕಳೆದ ವರ್ಷ ಸಕ್ಕರೆ ಕಾಯಿಲೆ ಬಂದಿರುವುದು, ಊರಿನ ಚಿಕ್ಕಪ್ಪನೊಡನೆ ಮಾತು ಬಿಟ್ಟಿರುವುದು, ಒಬ್ಬರೇ ಕಣ್ಣಿನ ಪರೀಕ್ಷೆಗೆ ಹೋಗಿದ್ದು, ಎಲ್ಲವೂ ನನಗೆ ತಮ್ಮನಿಂದಲೇ ತಿಳಿಯುತ್ತವೆ. ನಾನು ಒಳಗೆ ಕಾಲಿಟ್ಟೊಡನೆ ಅವರಿಬ್ಬರ ಮಾತು ನಿಲ್ಲುತ್ತದೆ. ಅಮ್ಮ ನನ್ನನ್ನು ನೋಡಿ ನಗುತ್ತಾರೆ, ಊಟವಾಯಿತೇ ಎಂದು ಕೇಳುತ್ತಾರೆ.