ಒತ್ತದೆ ಬಿಟ್ಟ ಮೂರನೇ ಬಟನ್

೧೯೯೩ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವನು ನಾನು. ಓದಿದ ಮಗಳ ಕೆಲಸ ಕೆಡಿಸಿದವನೂ ನಾನೇ. ಸೌಮ್ಯಾ, ತಪ್ಪು ನಿನ್ನದಲ್ಲ.

ಊರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನೀನು, ಇಲ್ಲಿ ಗಲ್ಫಿನಲ್ಲಿ, ಅಲ್ ಗುಬ್ರಾದ ನಮ್ಮ ಫ್ಲಾಟಿನಲ್ಲಿ ಕೂತು, ನಿನ್ನ ಪ್ರೊಫೆಸರರಿಗಾಗಿ ನ್ಯೂಟ್ರಿನೊ ಚಿತ್ರಗಳನ್ನು ವಿಂಗಡಿಸುತ್ತಿದ್ದೆ. ಕಣ್ಣಿಗೆ ಕಾಣದ ಆ ಕಣ ಎಲ್ಲಾದರೂ ಬಡಿದಾಗ ಉಳಿಯುವ ಗುರುತಿನ ಚಿತ್ರಗಳವು. ಮನುಷ್ಯರು ಹೆಸರು ಹೇಳಿಕೊಟ್ಟರೆ ಕಂಪ್ಯೂಟರ್ ನೋಡಿ ನೋಡಿ ತಾನೇ ಗುರುತಿಸಲು ಕಲಿಯುತ್ತದೆ, ಅದಕ್ಕೆ ಡೀಪ್ ಲರ್ನಿಂಗ್ ಅನ್ನುತ್ತಾರೆ — ಇಷ್ಟನ್ನು ತಿಳಿಸಿದವಳು ನೀನೇ. ನಿನಗೆ ಜ್ವರ ಬಂತು. ನಾನು ಘಾಲಾದ ಗ್ಯಾರೇಜಿನಿಂದ ಬಂದು, ಕೈ ತೊಳೆದು, ಲ್ಯಾಪ್‌ಟಾಪ್ ಎಳೆದುಕೊಂಡೆ.

"ಉದ್ದ ಗೆರೆ ಇದ್ರೆ ಮ್ಯುವಾನ್, ಮೊದಲನೇದು ಒತ್ತಿ ಅಪ್ಪ. ಚೆದುರಿದ್ರೆ ಎಲೆಕ್ಟ್ರಾನ್, ಎರಡನೇದು. ಗೊತ್ತಾಗದಿದ್ರೆ ಮೂರನೇದು, ಆಯ್ತಾ?"

"ಶಬ್ದ ಕೇಳಿ ಇಂಜಿನ್ನಿನ ರೋಗ ಹೇಳುವವ ನಾನು. ನನಗೆ ಗೊತ್ತಾಗದ್ದು ಅಂತ ಉಂಟಾ ಮಾರಾಯ್ತಿ?"

ನೀನು ನಕ್ಕೆ. ನಾನು ಮೂರನೇ ಬಟನ್ ಒಮ್ಮೆಯೂ ಒತ್ತಲಿಲ್ಲ. ಏನೆಂದು ತಿಳಿಯದ ಚಿತ್ರಗಳು ಎಷ್ಟೋ ಬಂದವು — ಮನಸ್ಸಿಗೆ ಬಂದದ್ದನ್ನು ಒತ್ತಿದೆ. ಗಿರಾಕಿಯ ಎದುರು ಗೊತ್ತಿಲ್ಲ ಅಂದರೆ ಅವನು ಪಕ್ಕದ ಶೆಡ್ಡಿಗೆ ಹೋಗುತ್ತಾನೆ, ನಿಜ. ಆದರೆ ಅಲ್ಲಿ ಗಿರಾಕಿ ಇರಲಿಲ್ಲ. ನೋಡುವವರೇ ಇರಲಿಲ್ಲ. ಆದರೂ ಆ ಬಟನ್ನಿನ ಮೇಲೆ ಬೆರಳು —

ಕಂಪ್ಯೂಟರ್ ನನ್ನಿಂದಲೇ ಕಲಿಯಿತು. ಯಾರಿಗೂ ತಿಳಿಯದ ಚಿತ್ರಕ್ಕೂ ಅನುಮಾನವಿಲ್ಲದೆ ಉತ್ತರ ಕೊಡತೊಡಗಿತು, ತಪ್ಪು ಉತ್ತರ. ಪ್ರೊಫೆಸರರು ಗದರಿದರು. ನೀನು ಅವರೆದುರು ನನ್ನ ಹೆಸರೆತ್ತಲಿಲ್ಲ. ನನ್ನನ್ನು ಮಾತ್ರ ಕೇಳಿದೆ:

"ಅಪ್ಪ, ಎಲ್ಲಿಯಾದ್ರೂ ಅಂದಾಜಿಗೆ ಒತ್ತಿದ್ರಾ? ನಾನು ಸಿಟ್ಟಾಗೂದಿಲ್ಲ."

"ಇಲ್ಲ," ಅಂದೆ.

ನೀನು ನಂಬಿದೆ. ಹಾಗಾದರೆ ಚಿತ್ರ ನೋಡಿ ತಪ್ಪಿದ್ದು ನಿನ್ನ ಕಣ್ಣೇ ಎಂದು ನೀನು ಅಂದುಕೊಂಡೆ. ಓದು ಬಿಟ್ಟೆ. ಈಗ ದೂರದ ಬುರೈಮಿಯಲ್ಲಿ ಕಾರ್ಗೋ ಕಚೇರಿಯ ಕೆಲಸ. ಮೊನ್ನೆ ನೀನು ಮನೆಗೆ ಬಂದಿದ್ದಾಗ, ಓದು ಯಾಕೆ ಬಿಟ್ಟೆ ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ, "ಫಿಸಿಕ್ಸ್ ನನಗೆ ಆಗಿ ಬರ್ಲಿಲ್ಲ ಆಂಟಿ," ಅಂದೆಯಲ್ಲ — ಆಗಲೂ ನಾನು ಅನ್ನ ಕಲಸುತ್ತ ತಟ್ಟೆಯನ್ನೇ ನೋಡುತ್ತಿದ್ದೆ.

ನಿನಗೆ ಕನ್ನಡ ಓದಲು ಬಾರದು. ಶುಕ್ರವಾರ ನೀನು ಬಂದಾಗ ಈ ಕಾಗದವನ್ನು ನಾನೇ ಓದಿ ಹೇಳುತ್ತೇನೆ, ಎಲ್ಲಿಯೂ ಬಿಡದೆ. ಕ್ಷಮಿಸು ಎಂದು ಕೇಳುವುದಿಲ್ಲ.

ಈಗ ನನ್ನ ಬಳಿ ಇರುವುದು ಒಂದು ಗ್ಯಾರೇಜು, ಕಾರು ಎತ್ತುವ ಎರಡು ಲಿಫ್ಟ್, ಐವರು ಕೆಲಸಗಾರರು, ಒಂದು ಹಳೆಯ ಪಿಕಪ್. ಮತ್ತೆ, ಶುಕ್ರವಾರದ ತನಕ, ನನ್ನ ಮಾತು ನಂಬುವ ಒಬ್ಬಳು ಮಗಳು.